ಯಾವ ಕೈಕಂಬ?

ಒಣಮೀನಿನ ವಾಸನೆ ಬಂದರೆ ನಮ್ಮ ಕಡೆಯವರಿಗೆ ಹಸಿವಾಗುತ್ತದೆ. ನನಗೆ ಕಾಲು ನಡುಗುತ್ತದೆ. ಕಳೆದ ವಾರ ಮಗಳ ಜೊತೆ ಬೆಳ್ತಂಗಡಿಯಿಂದ ಮಂಗಳೂರು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಮಡಂತ್ಯಾರಿನಲ್ಲಿ ಒಬ್ಬ ಹೆಂಗಸು ಹತ್ತಿ, ಗೋಣಿ ಮುಚ್ಚಿದ ಬುಟ್ಟಿಯೊಂದನ್ನು ತಂದು ನಮ್ಮ ಸೀಟಿನ ಪಕ್ಕದಲ್ಲೇ ಇಟ್ಟಳು. ಹೊರಗೆ ಮಳೆ, ಕಿಟಕಿಯ ಶಟರುಗಳೆಲ್ಲ ಕೆಳಗೆ. ಎರಡೇ ನಿಮಿಷದಲ್ಲಿ ಬಸ್ಸು ತುಂಬ ಒಣಮೀನು. ನನ್ನ ಕೈ ತಾನಾಗಿ ಹೋಗಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿತು.

ಕಂಡಕ್ಟರ್ ಬಂದು "ಎಲ್ಲಿಗೆ ಅಕ್ಕ?" ಎಂದ.

"ಕೈಕಂಬ, ಎರಡು."

"ಬಿ.ಸಿ. ರೋಡ್ ಕೈಕಂಬ" ಎಂದು ಮಗಳು ಪಕ್ಕದಿಂದ ಸೇರಿಸಿದಳು.

ಕಂಡಕ್ಟರ್‌ಗೆ ನಗು ಬಂತು. "ಈ ದಾರಿಯಲ್ಲಿ ಇರುವುದು ಒಂದೇ ಕೈಕಂಬ ಅಲ್ವಾ ಮಾರಾಯ್ತಿ?"

ನಾವಿಬ್ಬರೂ ನಗಲಿಲ್ಲ. ತೊಂದರೆ ಇರುವುದೇ ಅಲ್ಲಿ. ನಮ್ಮ ಜಿಲ್ಲೆಯಲ್ಲಿ ಯಾವ ದಾರಿ ಹಿಡಿದರೂ ಆ ದಾರಿಯವರಿಗೆ ಇರುವುದು ಒಂದೇ ಕೈಕಂಬ. ಎರಡನೆಯದು ಇದೆ ಎಂಬುದು ಎಲ್ಲರಿಗೂ ಗೊತ್ತು, ಬಾಯಿಗೆ ಮಾತ್ರ ಬರುವುದಿಲ್ಲ.

ಕೈಕಂಬ ಎಂದರೆ ದೊಡ್ಡ ಅರ್ಥವೇನೂ ಇಲ್ಲ. ಹಿಂದೆ ದಾರಿ ಕವಲೊಡೆಯುವಲ್ಲಿ ಒಂದು ಕಂಬ ನೆಟ್ಟು, ಇಂಥ ಊರು ಇತ್ತ, ಇಂಥ ಊರು ಅತ್ತ ಎಂದು ತೋರಿಸಲು ಅದಕ್ಕೆ ಕೈ ಜೋಡಿಸುತ್ತಿದ್ದರಂತೆ. ಗಾಡಿಯವರು ಅದನ್ನು ನೋಡಿ ಎತ್ತು ತಿರುಗಿಸುತ್ತಿದ್ದರು. ಕಂಬಗಳು ಹೋದವು, ಕೈಗಳೂ ಹೋದವು, ಹೆಸರು ಮಾತ್ರ ಕವಲುಗಳಲ್ಲಿ ಉಳಿಯಿತು. ಬಂಟ್ವಾಳದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿ.ಸಿ. ರೋಡ್ ಪೇಟೆ ದಾಟಿದ ಕೂಡಲೇ ಒಂದು ಕೈಕಂಬ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಗುರುಪುರದ ಹತ್ತಿರ ಇನ್ನೊಂದು ಕೈಕಂಬ. ಎರಡರ ನಡುವೆ ಪೊಳಲಿಯ ಮೇಲೆ ಹಾದುಹೋಗುವ ಒಂದು ರಸ್ತೆ. ಅದರ ಈ ತುದಿಯೂ ಕೈಕಂಬ, ಆ ತುದಿಯೂ ಕೈಕಂಬ. ನಡುವೆ ಫಲ್ಗುಣಿ ಹೊಳೆ, ಹೊಳೆಗೊಂದು ಸೇತುವೆ.

ನಾನು ಹುಟ್ಟಿದ್ದು ಮೂಡುಬಿದಿರೆಯ ಹತ್ತಿರದ ಪುತ್ತಿಗೆಯಲ್ಲಿ. ಸಣ್ಣವಳಿದ್ದಾಗ ಅಮ್ಮನ ಜೊತೆ ಮಂಗಳೂರಿಗೆ ಹೋಗುವಾಗ ಗುರುಪುರದ ಕೈಕಂಬದಲ್ಲಿ ಬಸ್ಸು ನಿಂತರೆ ಕಿಟಕಿಯಲ್ಲೇ ನೆಲಗಡಲೆ ಪೊಟ್ಟಣ ಸಿಗುತ್ತಿತ್ತು. ಕೈಕಂಬ ಎಂದರೆ ನನಗೆ ಅದೇ. ಮದುವೆಯಾಗಿ ಬಂದದ್ದು ಬಿ.ಸಿ. ರೋಡಿನ ಕೈಕಂಬಕ್ಕೆ. ಇಲ್ಲೇ ಮನೆ, ಇಲ್ಲೇ ರಸ್ತೆ ಬದಿಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಸಂಸಾರದ ಮೊದಲ ಹದಿಮೂರು ವರ್ಷದಲ್ಲಿ ತವರಿನ ಕೈಕಂಬ ಯಾವಾಗ ನನ್ನ ನಾಲಿಗೆಯಿಂದ ಇಳಿದುಹೋಯಿತೋ ನನಗೇ ತಿಳಿಯಲಿಲ್ಲ. ಅದು ತಿಳಿದದ್ದು ಐದಾರು ವರ್ಷದ ಹಿಂದೆ, ಒಂದು ಮಳೆಗಾಲದಲ್ಲಿ.

ಹೇಳಿಬಿಡುತ್ತೇನೆ, ನಾನು ಹೆದರುಪುಕ್ಕಲಿ. ಮಳೆ ಎಂದರೆ ಹೆದರಿಕೆ, ಗುಡ್ಡ ಎಂದರೆ ಹೆದರಿಕೆ, ಸೇತುವೆ ಎಂದರಂತೂ ಜೀವ ಬಾಯಿಗೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ನೆರೆ ನೋಡುವ ಎಂದು ಇವರು ನನ್ನನ್ನು ಪಾಣೆಮಂಗಳೂರಿನ ಹಳೆಯ ಸೇತುವೆಗೆ ಕರೆದುಕೊಂಡು ಹೋಗಿದ್ದರು. ನೇತ್ರಾವತಿಯಲ್ಲಿ ಬೇರು ಸಮೇತ ತೇಲಿಬಂದ ಒಂದು ಮರ ಸೇತುವೆಯ ಕಾಲಿಗೆ ಬಡಿಯಿತು. ನನ್ನ ಪಾದದ ಅಡಿಯಲ್ಲಿ ಅದು ಗೊತ್ತಾಯಿತು. ಅಂದಿನಿಂದ ಬಸ್ಸಿನಲ್ಲಿ ಕೂತು ಹೊಳೆ ದಾಟುವಾಗಲೂ ಕಣ್ಣು ಮುಚ್ಚುತ್ತೇನೆ. ಮಗಳು ಸಿಂಚನ ಮೂರು ವರ್ಷದವಳಿದ್ದಾಗಲೇ ಇದನ್ನು ಕಂಡುಹಿಡಿದು, "ಅಮ್ಮ, ಹೊಳೆ ಹೋಯ್ತು, ಕಣ್ಣು ಬಿಡು" ಎಂದು ಹೇಳುವುದನ್ನು ಕಲಿತಿದ್ದಳು.

ಆ ವರ್ಷ ಮಳೆಗಿಂತ ಮೊದಲೇ ನನ್ನ ಹೆದರಿಕೆ ಶುರುವಾಗಿತ್ತು. ಇವರು ಜೆಸಿಬಿ ಆಪರೇಟರ್. ಬಂಟ್ವಾಳದಿಂದ ಬೆಳ್ತಂಗಡಿ ಮೂಲಕ ಘಾಟಿಯ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸದಲ್ಲಿದ್ದರು. ಬೇಸಿಗೆಯಲ್ಲಿ ಗುಡ್ಡ ಕಡಿಯುವುದು, ಮಳೆಗಾಲದಲ್ಲಿ ಕಡಿದ ಗುಡ್ಡ ಕೆಳಗೆ ಬಂದದ್ದನ್ನು ಬಾಚುವುದು. ವಾರವಿಡೀ ಅಲ್ಲೇ ಶೆಡ್ಡಿನಲ್ಲಿ ಇದ್ದು ಶನಿವಾರ ಮನೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಅವರು ಯಂತ್ರ ನಿಲ್ಲಿಸಿ ಚಹಾ ಕುಡಿಯಲು ಇಳಿದು ಬಂದ ಮೇಲೆ ಅದೇ ಜಾಗಕ್ಕೆ ಮಣ್ಣು ಕುಸಿಯಿತು. ಮನೆಗೆ ಬಂದವರು ಊಟಕ್ಕೆ ಕೂತು, ಉಪ್ಪಿನಕಾಯಿ ಬಡಿಸಿಕೊಳ್ಳುತ್ತಾ ಇದನ್ನು ಹೇಳಿದರು.

"ಬೇರೆ ಕೆಲಸ ನೋಡಿ" ಎಂದೆ.

"ರಸ್ತೆ ಆಗಬೇಕಲ್ಲ ಪುಷ್ಪಾ. ಯಾರಾದರೂ ಮಾಡಲೇಬೇಕು."

"ನೀವೇ ಆಗಬೇಕಾ?"

"ಈಗ ಅಲ್ಲಿ ಇರುವುದು ನಾನೇ ಅಲ್ವಾ."

ಸಿಂಚನಳನ್ನು ಆ ವರ್ಷ ಮೂಡುಬಿದಿರೆಯ ಶಾಲೆಗೆ ಆರನೇ ತರಗತಿಗೆ ಸೇರಿಸಿದ್ದೆವು. ಪುತ್ತಿಗೆಯ ತವರುಮನೆಯಲ್ಲಿ ನನ್ನ ಅಮ್ಮ, ಅಣ್ಣ, ಅತ್ತಿಗೆಯ ಜೊತೆ ಇದ್ದು ಶಾಲೆಗೆ ಹೋಗುತ್ತಿದ್ದಳು. ಪ್ರತಿ ಶನಿವಾರ ಮಧ್ಯಾಹ್ನ ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಅಮ್ಮನಿಗೆ ನನ್ನ ಈ ಓಡಾಟ ತಮಾಷೆ. "ನನ್ನ ಅಜ್ಜ ಇದೇ ದಾರಿಯಲ್ಲಿ ಗಾಡಿ ಕಟ್ಟಿ ಬಂಟ್ವಾಳಕ್ಕೆ ಅಕ್ಕಿ ಕೊಂಡುಹೋಗ್ತಿದ್ದರು. ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ. ಬರುವಾಗ ಗಾಡಿಯಲ್ಲಿ ಉಪ್ಪು. ಹೋಗಿ ಬರ್ಲಿಕ್ಕೆ ಮೂರು ದಿನ. ಮನೆಯಲ್ಲಿ ಯಾರಿಗೂ ಫೋನ್ ಇರಲಿಲ್ಲ, ಯಾರೂ ಸಾಯಲೂ ಇಲ್ಲ. ನಿನಗೆ ಒಂದೂವರೆ ಗಂಟೆಯ ದಾರಿಗೆ ಇಷ್ಟು ಹೆದರಿಕೆಯಾ?" ಎನ್ನುತ್ತಿದ್ದರು. ಅಜ್ಜ ಕೊಂಡುಹೋದದ್ದು ಅಕ್ಕಿ, ನಾನು ತರುವುದು ಮಗಳನ್ನು ಎಂದು ನಾನು ಹೇಳುತ್ತಿದ್ದೆ.

ಜೂನ್ ಕೊನೆಗೆ ಪೊಳಲಿ ರಸ್ತೆಯ ಸೇತುವೆಗೆ ಫಲಕ ಬಿತ್ತು. ಸೇತುವೆ ಹಳತಾಗಿದೆ, ಬಸ್ಸು ಲಾರಿ ಹೋಗುವಂತಿಲ್ಲ. ಈ ಕಡೆಯ ಬಸ್ಸು ಈ ಕಡೆ ನಿಲ್ಲುತ್ತದೆ, ಆ ಕಡೆಯ ಬಸ್ಸು ಆ ಕಡೆ. ಜನ ನಡುವೆ ನಡೆದು ದಾಟುವುದು. ಅಂಗಡಿಗೆ ಬಂದವರು ಈ ಸುದ್ದಿ ಹೇಳಿದಾಗ, ನನಗೇನು, ನನ್ನ ದಾರಿ ಸಿದ್ಧಕಟ್ಟೆಯದು ಎಂದು ಮನಸ್ಸಿನಲ್ಲೇ ಕೈಮುಗಿದೆ.

ಜುಲೈಯ ಒಂದು ಶನಿವಾರ. ಶಾಲೆಯೊಂದರ ಯೂನಿಫಾರ್ಮುಗಳನ್ನು ಆ ಸಂಜೆಯೇ ಕೊಡಬೇಕಿತ್ತು. ಸಿಂಚನ ಹಿಂದಿನ ದಿನವೇ ಫೋನಿನಲ್ಲಿ, "ನೀನು ಬರಬೇಡ ಅಮ್ಮ. ನನ್ನ ಕ್ಲಾಸಿನವರೆಲ್ಲ ಒಬ್ಬೊಬ್ಬರೇ ಹೋಗ್ತಾರೆ. ಮಾಮ ಬಸ್ಸು ಹತ್ತಿಸ್ತಾರೆ" ಎಂದಿದ್ದಳು. ಅಪ್ಪನನ್ನು ನೋಡದೆ ಹದಿನೈದು ದಿನವಾಗಿತ್ತು, ಹಿಂದಿನ ಶನಿವಾರ ಇವರು ಬಂದಿರಲಿಲ್ಲ. ನಾನು ಹೇಗೋ ಒಪ್ಪಿದೆ. ನಮ್ಮ ಕಡೆ ಮಕ್ಕಳನ್ನು ಬಸ್ಸಿಗೆ ಹತ್ತಿಸುವುದಲ್ಲ, ಕಂಡಕ್ಟರ್‌ಗೆ ಒಪ್ಪಿಸುವುದು. ಇಂಥಲ್ಲಿ ಇಳಿಸಿ, ಅಲ್ಲಿ ಇಂಥವರು ಇರುತ್ತಾರೆ ಎಂದರೆ ಸಾಕು, ಔಷಧದ ಪೊಟ್ಟಣವಾದರೂ ಸರಿ, ಹುಡುಗಿಯಾದರೂ ಸರಿ, ತಲುಪುತ್ತದೆ. ಅಣ್ಣ ಹಾಗೆಯೇ ಒಪ್ಪಿಸಿ ಮನೆಗೆ ಹೋದ.

ಮಧ್ಯಾಹ್ನ ಒಂದೂವರೆಗೆ ಗುರುತಿಲ್ಲದ ನಂಬರಿನಿಂದ ಫೋನ್. ಹೊರಗೆ ಅಂಗಡಿಯ ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಒಂದು ಕಿವಿಗೆ ಬೆರಳಿಟ್ಟು ಕೇಳಿದೆ.

"ಅಮ್ಮ, ನಾನು. ಕಂಡಕ್ಟರಣ್ಣನ ಫೋನು. ಸಿದ್ಧಕಟ್ಟೆ ಹತ್ತಿರ ಗುಡ್ಡ ಜರಿದು ರಸ್ತೆ ಬ್ಲಾಕ್ ಉಂಟು. ಬಸ್ಸು ವಾಪಸ್ ಮೂಡುಬಿದಿರೆಗೆ ಬಂತು."

"ಮಾಮನಿಗೆ ಫೋನ್ ಮಾಡು. ಮನೆಗೆ ಹೋಗು."

"ಮಾಮನ ಫೋನ್ ಸ್ವಿಚ್ ಆಫ್. ನಿನ್ನೆಯಿಂದ ಅಲ್ಲಿ ಕರೆಂಟಿಲ್ಲ ಅಲ್ವಾ. ಅಮ್ಮ, ಇವರು ಮಂಗಳೂರು ಬಸ್ಸಿನಲ್ಲಿ ಹತ್ತಿಸ್ತಾರಂತೆ. ನಾನು ಬರ್ತೇನೆ. ಎಲ್ಲಿ ಇಳಿಯುವುದು?"

"ಕೈಕಂಬದಲ್ಲಿ ಇಳಿ. ನಾನು ಅಲ್ಲೇ ನಿಂತಿರ್ತೇನೆ. ಇಳಿದ ಮೇಲೆ ಎಲ್ಲಿಗೂ ಅಲುಗಬೇಡ. ಯಾರು ಕರೆದರೂ ಹೋಗಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು. ಕೈಕಂಬದಲ್ಲಿ."

ಒಂದು ಮಾತಿನಲ್ಲೂ ಸಂಶಯಕ್ಕೆ ಜಾಗವಿರಲಿಲ್ಲ. ಮಂಗಳೂರು ಬಸ್ಸು ಎಂದರೆ ನನ್ನ ಕಣ್ಣಿಗೆ ಬಂದದ್ದು ದಿನಾ ನನ್ನ ಅಂಗಡಿಯ ಮುಂದೆ ಹೋಗುವ ಬಸ್ಸು, ಬೆಳ್ತಂಗಡಿಯಿಂದ ಬರುವಂಥದು. ಸಿದ್ಧಕಟ್ಟೆ ಬ್ಲಾಕ್ ಆದರೆ ವೇಣೂರು, ಗುರುವಾಯನಕೆರೆ ಸುತ್ತಿ ಆ ದಾರಿಯಲ್ಲಿ ಬರುತ್ತಾಳೆ, ಸ್ವಲ್ಪ ತಡವಾಗುತ್ತದೆ, ಅಷ್ಟೇ ಎಂದುಕೊಂಡೆ. ಮೂಡುಬಿದಿರೆಯಲ್ಲಿ ನಿಂತವರಿಗೆ ಮಂಗಳೂರು ಬಸ್ಸು ಎಂದರೆ ಬೇರೆ ಬಸ್ಸು, ಕೈಕಂಬ ಎಂದರೆ ಬೇರೆ ಕೈಕಂಬ ಎಂಬುದು ಪುತ್ತಿಗೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ.

ಎರಡೂಕಾಲಿಗೆ ಕೊಡೆ ಹಿಡಿದು ಬಸ್ಸು ನಿಲ್ಲುವಲ್ಲಿ ನಿಂತೆ. ಬರುವುದಕ್ಕೆ ಇನ್ನೂ ಹೊತ್ತಿದೆ ಎಂದು ಗೊತ್ತಿದ್ದೂ ನಿಂತೆ. ಮೂರು ಗಂಟೆಯವರೆಗೆ ಧೈರ್ಯವಿತ್ತು. ಆಮೇಲೆ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ಕೇಳತೊಡಗಿದೆ. "ಮೂಡುಬಿದಿರೆಯಿಂದ ಒಬ್ಬಳು ಹುಡುಗಿ, ನೀಲಿ ಯೂನಿಫಾರ್ಮ್, ಎರಡು ಜಡೆ." ಒಬ್ಬ ಕಂಡಕ್ಟರ್ ಒಳಗೆ ಇಣುಕಿ ನೋಡಿ, "ಇದು ಧರ್ಮಸ್ಥಳದಿಂದ ಬಂದದ್ದು ಅಕ್ಕ, ಮಕ್ಕಳು ಯಾರೂ ಇಲ್ಲ" ಎಂದು ಸೀಟಿ ಊದಿ "ರೈಟ್ ಪೋಯಿ" ಎಂದು ಬಸ್ಸು ಹೊರಡಿಸಿದ. ಹೆದ್ದಾರಿಯ ಕೆಲಸಕ್ಕೆ ಅಗೆದ ಹೊಂಡಗಳಲ್ಲಿ ಕೆಂಪು ನೀರು ನಿಂತಿತ್ತು. ಲಾರಿಗಳು ಅದನ್ನು ನನ್ನ ಸೀರೆಗೆ ಹಾರಿಸಿ ಹೋಗುತ್ತಿದ್ದವು.

ಮೂರೂವರೆಗೆ ಇವರಿಗೆ ಫೋನ್ ಮಾಡಿದೆ. ಮನೆಗೆ ಹೊರಟು ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅಲ್ಲೇ ವಿಚಾರಿಸಿ ಐದು ನಿಮಿಷದಲ್ಲಿ ವಾಪಸ್ ಮಾಡಿದರು.

"ವೇಣೂರು ದಾರಿಯಲ್ಲಿ ಮೂಡುಬಿದಿರೆಯ ಯಾವ ಬಸ್ಸೂ ಸುತ್ತಿ ಬರಲಿಲ್ಲವಂತೆ, ಪುಷ್ಪಾ."

"ಮತ್ತೆ ಅವಳು ಎಲ್ಲಿ?"

ಮಣ್ಣು ಕುಸಿದದ್ದನ್ನು ಉಪ್ಪಿನಕಾಯಿ ಬಡಿಸಿಕೊಳ್ಳುತ್ತಾ ಹೇಳಿದವರು ಈಗ ಅವಸರದಲ್ಲಿ, "ನೀನು ಅಲ್ಲೇ ಇರು. ನಾನು ಹೊರಟೆ" ಎಂದು ಇಟ್ಟರು.

ಅಣ್ಣನಿಗೆ ಮಾಡಿದೆ, ಸ್ವಿಚ್ ಆಫ್. ಅತ್ತಿಗೆಗೆ ಮಾಡಿದೆ, ಸ್ವಿಚ್ ಆಫ್. ಶಾಲೆಗೆ ಮಾಡಿದೆ, ಎತ್ತುವವರಿಲ್ಲ. ಮಧ್ಯಾಹ್ನದ ಆ ಕಂಡಕ್ಟರ್‌ನ ನಂಬರಿಗೆ ಮಾಡಿದೆ, ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮತ್ತೆ ಅಣ್ಣ, ಮತ್ತೆ ಅತ್ತಿಗೆ, ಮತ್ತೆ ಕಂಡಕ್ಟರ್. ಒಂದು ನಿಮಿಷವೂ ಫೋನನ್ನು ಸುಮ್ಮನೆ ಬಿಡಲಿಲ್ಲ. ಮನಸ್ಸು ಮಾತ್ರ ಬಸ್ಸು ಹೊಳೆಗೆ ಬಿದ್ದದ್ದನ್ನು, ಗುಡ್ಡ ಬಸ್ಸಿನ ಮೇಲೆ ಬಿದ್ದದ್ದನ್ನು, ಯಾರೋ ಅವಳ ಕೈ ಹಿಡಿದು ಎಳೆದದ್ದನ್ನು ಒಂದರ ಮೇಲೊಂದು ತೋರಿಸುತ್ತಿತ್ತು. ಇಷ್ಟು ಕಾಲ ನಾನು ಸುಮ್ಮಸುಮ್ಮನೆ ಹೆದರಿದ್ದೆಲ್ಲ ಈ ದಿನಕ್ಕೆ ಅಭ್ಯಾಸವೇನೋ ಅನಿಸಿತು.

ನಾಲ್ಕು ಗಂಟೆಗೆ ಕಂಡಕ್ಟರ್ ಎತ್ತಿದ.

"ಅಕ್ಕ, ನಿಮ್ಮ ಮಗಳನ್ನು ಮಂಗಳೂರು ಬಸ್ಸಿನವನಿಗೆ ಒಪ್ಪಿಸಿದ್ದೆ. ಕೈಕಂಬದಲ್ಲಿ ಇಳಿಸಿದೆ ಅಂತ ಅವನು ಆಗಲೇ ಹೇಳಿದ. ಎರಡು ಗಂಟೆ ಆಯ್ತಲ್ಲ."

"ಕೈಕಂಬದಲ್ಲೇ ಇಳಿಸಿದ್ದಾ?"

"ಹೌದು ಅಕ್ಕ, ಕೈಕಂಬದಲ್ಲೇ. ಇಳಿದದ್ದನ್ನು ಅವನೇ ನೋಡಿದ್ದಾನೆ."

ನಾನು ಕೈಕಂಬದಲ್ಲಿ ನಿಂತಿದ್ದೇನೆ. ಮಗಳನ್ನು ಎರಡು ಗಂಟೆಯ ಹಿಂದೆ ಕೈಕಂಬದಲ್ಲಿ ಇಳಿಸಿದ್ದಾರೆ. ಇಲ್ಲಿ ಮಗಳಿಲ್ಲ. ನನ್ನ ಜೀವನದಲ್ಲಿ ಅಂಥ ಹೆದರಿಕೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಕೊಡೆ ಕೈಯಿಂದ ಬಿತ್ತು. ನಾನು ಗಟ್ಟಿಯಾಗಿ ಕೂಗಿದೆನಂತೆ. ನನಗೆ ಅದು ನೆನಪಿಲ್ಲ.

ಕೂಗು ಕೇಳಿ ರಿಕ್ಷಾ ಸ್ಟ್ಯಾಂಡಿನಿಂದ ವಿನ್ಸೆಂಟ್ ಓಡಿ ಬಂದ. ನಮ್ಮ ಮನೆಯ ಹತ್ತಿರದವನೇ, ಸಿಂಚನ ಬಾಲವಾಡಿಗೆ ಹೋದದ್ದು ಅವನ ರಿಕ್ಷಾದಲ್ಲಿ. ನಾನು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಕೇಳಿದ:

"ಪುಷ್ಪಕ್ಕ, ಯಾವ ಕೈಕಂಬ?"

"ಯಾವ ಕೈಕಂಬ ಅಂದರೆ ಎಂತ? ಇದೇ ಅಲ್ವಾ ಕೈಕಂಬ?"

"ಇದು ನಮಗೆ. ಮೂಡುಬಿದಿರೆಯವರಿಗೆ ಗುರುಪುರದ್ದು ಅಲ್ವಾ?"

ಕಿಟಕಿಯಲ್ಲಿ ಬಂದ ನೆಲಗಡಲೆ ಪೊಟ್ಟಣ ನೆನಪಾಯಿತು. ನನ್ನದೇ ಕೈಕಂಬ. ಮಗಳು ನಾನು ಹುಟ್ಟಿದ ಕಡೆಯ ಭಾಷೆ ಕಲಿತಿದ್ದಳು, ನಾನು ಮರೆತಿದ್ದೆ. ಅಲ್ಲೇ ರಸ್ತೆ ಬದಿಯಲ್ಲಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

"ಮಂಗಳೂರು ಸುತ್ತಿ ಹೋದರೆ ಈ ಟ್ರಾಫಿಕ್ಕಿನಲ್ಲಿ ಎರಡು ಗಂಟೆ" ಎಂದ ವಿನ್ಸೆಂಟ್. "ಪೊಳಲಿ ದಾರಿಯಲ್ಲಿ ಅರ್ಧ ಗಂಟೆ. ಆದರೆ ನೀರು ಏರಿದೆ, ಇವತ್ತು ರಿಕ್ಷಾ ಕೂಡ ಬಿಡುವುದಿಲ್ಲ. ಸೇತುವೆ ನೀವು ನಡೆದು ದಾಟಬೇಕು." ನನ್ನ ವಿಷಯ ಅವನಿಗೆ ಗೊತ್ತಿತ್ತು. "ಯೋಚನೆ ಮಾಡಿ ಹೇಳಿ ಅಕ್ಕ" ಎಂದ.

ಯೋಚನೆ ಮಾಡಿದ್ದರೆ ಹೋಗುತ್ತಿರಲಿಲ್ಲ. ರಿಕ್ಷಾದಲ್ಲಿ ಕೂತೆ. ದಾರಿಯಲ್ಲಿ ಇವರಿಗೆ ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು. ಪೊಳಲಿಯ ಗದ್ದೆಗಳಲ್ಲಿ ನೀರು ತುಂಬಿ ಗದ್ದೆಗದ್ದೆಯ ನಡುವಿನ ಹುಣಿ ಕಾಣುತ್ತಿರಲಿಲ್ಲ. ಸೇತುವೆಯ ಈ ತುದಿಯಲ್ಲಿ ಖಾಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಬ್ಬ ಪೊಲೀಸ್ ಹಗ್ಗ ಹಿಡಿದು, ನಡೆದು ಹೋಗುವವರನ್ನು ನಾಲ್ಕೈದು ಜನರಂತೆ ಬಿಡುತ್ತಿದ್ದ. ವಿನ್ಸೆಂಟ್ "ನಾನು ಬರ್ಲಾ ಅಕ್ಕ?" ಎಂದ. ಅವನು ಬಂದರೆ ನಾನು ಅವನ ಕೈ ಹಿಡಿದು ನಡುವೆ ಕೂತುಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ಬೇಡ ಎಂದೆ.

ಹತ್ತು ಹೆಜ್ಜೆ ಹೋದೆ. ನಿಂತೆ. ಕೈಗಂಬಿ ತಗ್ಗು. ಅದರ ಆಚೆ ಹೊಳೆ ಮಣ್ಣಿನ ಬಣ್ಣದಲ್ಲಿ ದಡ ತುಂಬಿ ಹೋಗುತ್ತಿತ್ತು. ಬಾಳೆಗಿಡ, ತೆಂಗಿನ ಗರಿ, ಯಾರದೋ ಮನೆಯ ಬಕೆಟ್ಟು ತೇಲಿ ಬಂದು ನನ್ನ ಕಾಲಡಿಗೆ ಹೋಗಿ ಮಾಯವಾದವು. ಪಾದ ಮೇಲೇಳಲಿಲ್ಲ. ಆ ಕಡೆ ಮಗಳಿದ್ದಾಳೆ ಎಂದು ಪಾದಕ್ಕೆ ಹೇಳಿದೆ. ಆದರೂ ಏಳಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆತ್ತ ಮಗಳಿಗಾಗಿಯೂ ನನ್ನ ಕಾಲು ಏಳಲಿಲ್ಲ.

ಹಿಂದಿನಿಂದ ವಾಸನೆ ಬಂತು, ಆಮೇಲೆ ಆ ಹೆಂಗಸು. ತಲೆಯ ಮೇಲೆ ಒಣಮೀನಿನ ಬುಟ್ಟಿ, ಅದಕ್ಕೆ ಹಸಿರು ಪ್ಲಾಸ್ಟಿಕ್ ಹೊದಿಕೆ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ. ವಯಸ್ಸು ನನ್ನ ಅಮ್ಮನಷ್ಟು. ನಿಲ್ಲಲಿಲ್ಲ, ಹೋಗುತ್ತಲೇ ಕೇಳಿದಳು.

"ಹೆದರಿಕೆಯಾ ಮಗಾ?"

ಹೌದೆಂದು ತಲೆಯಾಡಿಸಿದೆ.

"ನೀರು ಎಂತಕ್ಕೆ ನೋಡ್ತಿ? ನನ್ನ ಬುಟ್ಟಿ ನೋಡಿಕೊಂಡು ಬಾ."

ಅಷ್ಟು ಹೇಳಿ ಮುಂದೆ ಹೋದಳು. ಬುಟ್ಟಿ ದೂರ ಹೋಗುತ್ತದಲ್ಲ ಎಂಬ ಹೆದರಿಕೆಗೆ ಕಾಲು ಎದ್ದಿತು. ಆ ಹಸಿರು ಪ್ಲಾಸ್ಟಿಕ್ಕಿನ ಅಂಚಿನಿಂದ ಮಳೆನೀರು ಅವಳ ಬೆನ್ನಿಗೆ ತೊಟ್ಟಿಕ್ಕುತ್ತಿತ್ತು. ನಾನು ಅದನ್ನೇ ನೋಡಿದೆ. ಮಳೆಗೆ ಕಣ್ಣು ಮಂಜಾದಾಗ ವಾಸನೆ ಹಿಡಿದು ನಡೆದೆ. ನಡುವಿನಲ್ಲಿ ಏನೋ ಬಂದು ಬಡಿದಂತಾಗಿ ಕಾಲಡಿ ಜುಮ್ಮೆಂದಿತು. ಕೈ ಚಾಚಿ ಅವಳ ಸೆರಗಿನ ತುದಿ ಹಿಡಿದುಕೊಂಡೆ. ಅವಳಿಗೆ ಗೊತ್ತಾಗಿರಬೇಕು, ಏನೂ ಅನ್ನಲಿಲ್ಲ. ಆ ತುದಿಗೆ ತಲುಪಿದ ಮೇಲೆ ಅವಳು ಅಡ್ಡದಾರಿಯಲ್ಲಿ ಇಳಿದು ಹೋದಳು, ನಾನು ಹೊರಟು ನಿಂತಿದ್ದ ಬಸ್ಸಿಗೆ ಓಡಿದೆ. ಹೆಸರು ಕೇಳಲಿಲ್ಲ, ಉಪಕಾರವಾಯಿತು ಎಂದೂ ಹೇಳಲಿಲ್ಲ.

ಗುರುಪುರದ ಕೈಕಂಬದಲ್ಲಿ ಬಸ್ಸು ನಿಲ್ಲುವ ಮೊದಲೇ ಕಂಡಳು. ಊರುಗಳ ಹೆಸರು ಬರೆದು ಬಾಣ ಹಾಕಿದ ಹಸಿರು ಬೋರ್ಡು ಇದೆಯಲ್ಲ, ಅದರ ಕಬ್ಬಿಣದ ಕಂಬಕ್ಕೆ ಒರಗಿ ನಿಂತಿದ್ದಳು. ಕಂಬಕ್ಕೆ ಹಣ್ಣಿನ ಅಂಗಡಿಯ ದೊಡ್ಡ ಕೊಡೆಯೊಂದನ್ನು ಯಾರೋ ಹಗ್ಗದಲ್ಲಿ ಕಟ್ಟಿದ್ದರು. ಎರಡು ಜಡೆಯೂ ಒದ್ದೆಯಾಗಿ ಕತ್ತಿಗೆ ಅಂಟಿದ್ದವು. ನಾನು ಹೋಗಿ ಅಪ್ಪಿಕೊಂಡಾಗ ಅವಳು ಅಳಲಿಲ್ಲ. ಮರದ ತುಂಡಿನಂತೆ ನಿಂತೇ ಇದ್ದಳು.

ಹಣ್ಣಿನ ಅಂಗಡಿಯ ಬ್ಯಾರಿ ಕಾಕ ರಸ್ತೆ ದಾಟಿ ಬಂದರು. "ನೀವು ತಾಯಿಯಾ? ಒಳಗೆ ಬಂದು ಕೂತುಕೋ ಅಂತ ಹತ್ತು ಸಲ ಕರೆದೆ. ಕೇಳುವುದೇ ಇಲ್ಲ. ಅಮ್ಮ ಅಲುಗಬೇಡ ಅಂತ ಹೇಳಿದ್ದಾರಂತೆ. ಮತ್ತೆ ನಾನೇ ಕೊಡೆ ತಂದು ಇಲ್ಲಿ ಕಟ್ಟಿದೆ."

"ನನಗೊಂದು ಫೋನ್ ಮಾಡಬಹುದಿತ್ತಲ್ಲ ಕಾಕ?"

"ಮಾಡದೆ ಇರ್ತೇನಾ? ಊಟ ಮಾಡಿ ಮೂರೂವರೆಗೆ ಅಂಗಡಿ ತೆರೆದಾಗ ಕಂಡಳು, ನಂಬರ್ ಕೊಟ್ಟಳು. ಎಷ್ಟು ಸಲ ಮಾಡಿದರೂ ಬಿಝಿ, ಬಿಝಿ, ಬಿಝಿ. ಈಗ ಸ್ವಿಚ್ ಆಫ್. ಯಾರ ಹತ್ತಿರ ಅಷ್ಟು ಮಾತಾಡ್ತಿದ್ದಿರಿ ಅಕ್ಕ?"

ನಾಚಿಕೆಯಿಂದ ನೆಲ ನೋಡಿದೆ. ಸಿಂಚನ ಆಗ ಮೊದಲ ಸಲ ಮಾತಾಡಿದಳು.

"ಅಮ್ಮ, ನೀನು ಯಾವ ದಾರಿಯಲ್ಲಿ ಬಂದದ್ದು?"

"ಪೊಳಲಿ ದಾರಿಯಲ್ಲಿ."

"ಸೇತುವೆ?"

"ದಾಟಿದೆ."

ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು, "ಹೋಗುವಾಗ ಮಂಗಳೂರು ಸುತ್ತಿ ಹೋಗುವ, ಆಯ್ತಾ?" ಎಂದಳು.

ಹಾಗೇ ಹೋದೆವು. ನಮ್ಮ ಕೈಕಂಬದಲ್ಲಿ ಇಳಿದಾಗ ಇವರು ಮೊಣಕಾಲವರೆಗೆ ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಬಸ್ಸು ನಿಲ್ಲುವಲ್ಲೇ ನಿಂತಿದ್ದರು. ಪಕ್ಕದಲ್ಲಿ ವಿನ್ಸೆಂಟ್. ಯೂನಿಫಾರ್ಮುಗಳನ್ನು ಸೋಮವಾರ ಕೊಟ್ಟೆ. ಆ ದಿನ ಹೊಲಿದ ನಾಲ್ಕು ಶರ್ಟಿನ ಜೇಬು ಬಲಬದಿಗೆ ಹೋಗಿತ್ತು, ಬಿಚ್ಚಿ ಮತ್ತೆ ಹಾಕಬೇಕಾಯಿತು. ಆ ಮಳೆಗಾಲದ ಉಳಿದ ಶನಿವಾರಗಳಲ್ಲಿ ಅಂಗಡಿಗೆ ಬೀಗ ಹಾಕಿ ನಾನೇ ಮೂಡುಬಿದಿರೆಗೆ ಹೋದೆ. ಇವರು ಘಾಟಿಯ ಕಡೆಯ ಕೆಲಸ ಬಿಡಲಿಲ್ಲ, ದಿನಕ್ಕೆ ಎರಡು ಸಲ ಫೋನ್ ಮಾಡುವುದನ್ನು ಮಾತ್ರ ಕಲಿತರು.

ವರ್ಷ ಕಳೆದಂತೆ ಇದು ಮನೆಯಲ್ಲಿ ಹೇಳುವ ಕತೆಯಾಯಿತು. ನೆಂಟರು ಬಂದರೆ ನಾನೇ ಶುರುಮಾಡುತ್ತಿದ್ದೆ. ಮಗಳು ಅಮ್ಮನ ಒಂದು ಮಾತಿಗೆ ಮೂರು ಗಂಟೆ ಅಲುಗದೆ ನಿಂತಳು, ಸೇತುವೆ ಎಂದರೆ ಸಾಯುವ ಅಮ್ಮ ಮಗಳಿಗಾಗಿ ಓಡಿ ದಾಟಿದಳು. ಕೇಳಿದವರಿಗೆ ಖುಷಿ, ಹೇಳಿದ ನನಗೂ ಖುಷಿ. ಸಿಂಚನ ಮಾತ್ರ ಈ ಕತೆ ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು. ಹೊಗಳಿಕೆಗೆ ನಾಚಿಕೆ ಎಂದುಕೊಂಡಿದ್ದೆ.

ಕಳೆದ ವಾರ ಆ ಬಸ್ಸು ಬಂಟ್ವಾಳ ದಾಟುವಾಗ ಅವಳು ಕೇಳಿದಳು. ಈಗ ಪಿಯುಸಿ, ನನಗಿಂತ ಎತ್ತರ.

"ಅಮ್ಮ, ಮೀನಿನ ವಾಸನೆ ಬಂದಾಗೆಲ್ಲ ನೀನು ಕಂಬಿ ಹಿಡಿಯುವುದು ಯಾಕೆ?"

ಪಕ್ಕದಲ್ಲಿ ಬುಟ್ಟಿ ಇದ್ದದ್ದಕ್ಕೋ ಏನೋ, ಹೇಳಿಬಿಟ್ಟೆ. ಓಡಿ ದಾಟಲಿಲ್ಲ, ಹತ್ತು ಹೆಜ್ಜೆಗೆ ಕಾಲು ನಿಂತುಹೋಯಿತು, ಗುರುತಿಲ್ಲದವಳೊಬ್ಬಳ ಸೆರಗು ಹಿಡಿದು ಆಚೆಗೆ ಹೋದೆ ಎಂದೆ.

"ನಾನೂ ಒಂದು ಹೇಳ್ಲಿಲ್ಲ" ಎಂದಳು. "ನೀನು ಬೇರೆ ಕೈಕಂಬದಲ್ಲಿ ಇದ್ದೀ ಅಂತ ನನಗೆ ಆಗಲೇ ಗೊತ್ತಾಗಿತ್ತು."

"ಯಾವಾಗ?"

"ಇಳಿದು ಹತ್ತು ನಿಮಿಷಕ್ಕೆ. ಪೊಳಲಿ ಬಸ್ಸಿನವ ಕೂಗ್ತಿದ್ದ, ಬಿ.ಸಿ. ರೋಡ್ ಕೈಕಂಬಕ್ಕೆ ಹೋಗುವವರು ಬನ್ನಿ, ಸೇತುವೆ ನಡೆದು ದಾಟಿ ಆಚೆ ಬಸ್ಸು ಹತ್ತಿ ಅಂತ. ಆಗ ಅಂದಾಜಾಯ್ತು."

"ಮತ್ತೆ ಆ ಕಾಕನಿಗೆ ಹೇಳಬಹುದಿತ್ತಲ್ಲ ಮಗಾ?"

"ಹೇಳಿ ಎಂತ ಮಾಡುವುದು? ನೀನು ಸೇತುವೆ ದಾಟುವವಳಲ್ಲ ಅಂತ ಗೊತ್ತುಂಟು. ಅಪ್ಪ ಬೆಳ್ತಂಗಡಿಯಲ್ಲಿ. ನೀನು ಬರ್ಲಿಕ್ಕಿಲ್ಲ ಅಂತಲೇ ನೆನೆಸಿದ್ದೆ ಅಮ್ಮ. ಹೆದರಿಕೆ ಆದದ್ದು ಅದಕ್ಕೆ. ಮಳೆಗಲ್ಲ."

ಬಸ್ಸು ಬಿ.ಸಿ. ರೋಡಿನಲ್ಲಿ ನಿಂತು ಹೊರಟಿತು.

"ಹಾಗಾದರೆ ಅಷ್ಟು ಹೊತ್ತು ಅಲ್ಲಿ ನಿಂತದ್ದು ಯಾಕೆ?"

ಅವಳು ಶಟರನ್ನು ಸ್ವಲ್ಪ ಎತ್ತಿ ಹೊರಗೆ ನೋಡಿದಳು.

"ಒಂದು ವೇಳೆ ನೀನು ಬಂದರೆ ಅಂತ."

ಕಂಡಕ್ಟರ್ ಸೀಟಿ ಊದಿದ. ಮೀನಿನ ಹೆಂಗಸು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ದಾರಿ ಬಿಟ್ಟಳು. ನಾನು ಎದ್ದಿರಲಿಲ್ಲ.

"ಅಕ್ಕ, ಇಳೀರಿ" ಎಂದ ಕಂಡಕ್ಟರ್. "ನಿಮ್ಮ ಕೈಕಂಬ ಬಂತು."